ವೇದಿಕೆ ಮೇಲಿಂದ ‘ಕಡೀರಿ’ ಅಂದವರಿಗೆ ತಿರುಗಿ ಏನು ಹೇಳೋದು?

ಸಂತೆಪೇಟೆ_ಮೊಬೈಲ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮದು ಒಂದು ತಾಲ್ಲೂಕು ಕೇಂದ್ರ. ಊರಿನ ಹೆಸರು ಬೇಡ. ಬಸ್ ಸ್ಟ್ಯಾಂಡ್ ಹಿಂದೆ ನನ್ನದು ಮೊಬೈಲ್ ರಿಪೇರಿ ಅಂಗಡಿ. ಹೋದ ತಿಂಗಳು ಸರ್ಕಲ್‌ನಲ್ಲಿ ಒಂದು ಮೆರವಣಿಗೆ, ಅದು ಮುಗಿದ ಮೇಲೆ ಸಭೆ. ಭಾಷಣಕ್ಕೆ ಹೊರಗಿನವರನ್ನು ಕರೆಸಿದ್ದರು. ಮೈಕ್‌ನ ಹಾರನ್ ಒಂದನ್ನು ನನ್ನ ಅಂಗಡಿ ಎದುರಿನ ಕಂಬಕ್ಕೇ ಕಟ್ಟಿದ್ದರು. ನಾನು ಶಟರ್ ಅರ್ಧ ಇಳಿಸಿ ಯಾರದೋ ಫೋನಿಗೆ ಡಿಸ್‌ಪ್ಲೇ ಕೂರಿಸುತ್ತಿದ್ದೆ. ‘ನಮ್ಮ ಮೇಲೆ ಕಣ್ಣು ಹಾಕಿದವರ ಕೈ ಕಡೀರಿ, ಕೇಸು ಗೀಸು ನಾವು ನೋಡ್ಕೋತೀವಿ’ ಅಂದರು. ಜನ ಶಿಳ್ಳೆ ಹೊಡೆದರು. ನನ್ನ ಹತ್ತಿರ ದಿನಾ ರೀಚಾರ್ಜ್ ಮಾಡಿಸಿಕೊಳ್ಳುವ ಒಬ್ಬ ಹುಡುಗ ಎಲ್ಲರಿಗಿಂತ ಜೋರಾಗಿ ಹೊಡೆದ. ಮಾರನೇ ದಿನ ಅವನೇ ಬಂದು ‘ಅಣ್ಣಾ, ಟೆಂಪರ್ ಗ್ಲಾಸ್ ಹಾಕ್ಕೊಡಿ’ ಅಂದ. ಹಾಕಿಕೊಟ್ಟೆ. ಕೈ ನಡುಗುತ್ತಿತ್ತು, ಒಂದು ಮೂಲೆಯಲ್ಲಿ ಗಾಳಿ ಗುಳ್ಳೆ ಉಳಿದುಬಿಟ್ಟಿತು. ಅವನು ನೋಡಲಿಲ್ಲ. ನಾನೂ ಹೇಳಲಿಲ್ಲ.

ಈಗ ನಮ್ಮ ಕಡೆಯ ಹುಡುಗರು ಕುದಿಯುತ್ತಿದ್ದಾರೆ. ನಾವೂ ಸ್ಟೇಜ್ ಹಾಕೋಣ, ಇವರಿಗೆ ಅಪ್ಪನಂಥ ಭಾಷಣಕಾರನ್ನ ಕರೆಸೋಣ ಅಂತ ಹಣ ಎತ್ತುತ್ತಿದ್ದಾರೆ. ಬೇಡ ಅಂತ ಅನ್ನಿಸಿದ ಹನ್ನೆರಡು ಜನ ಪಕ್ಕದ ಟೈಲರಣ್ಣನ ಅಂಗಡಿಯಲ್ಲಿ ಕೂತು ಒಂದು ಹಾಳೆ ಬರೆದೆವು. ಹೀಗಿದೆ:

‘ಯಾರು ಏನೇ ಬೈದರೂ ಕೈ ಎತ್ತುವುದಿಲ್ಲ. ತಿರುಗಿ ಬೈಯುವುದೂ ಇಲ್ಲ. ಅಂಥ ವಿಡಿಯೋ ಫಾರ್ವರ್ಡ್ ಮಾಡುವುದಿಲ್ಲ, ಖಂಡಿಸುವುದಕ್ಕೂ ಮಾಡುವುದಿಲ್ಲ. ನಮ್ಮವರೇ ಹಾಗೆ ಮಾತಾಡಿದರೆ ಎದ್ದು ಹೊರಗೆ ಬರುತ್ತೇವೆ. ಹೆದರಿ ಸುಮ್ಮನೆ ಕೂರುವುದೂ ಇಲ್ಲ.’

ಕೆಳಗೆ ಸಹಿ. ಕೊನೇ ಸಾಲಿನ ಮೇಲೆ ಮಾತ್ರ ಅರ್ಧ ಗಂಟೆ ಜಗಳ ಆಯ್ತು. ಹೊಡೆಯಲ್ಲ, ಬೈಯಲ್ಲ, ಸುಮ್ಮನೂ ಕೂರಲ್ಲ. ಹಾಗಾದರೆ ಮಾಡೋದೇನು? ಯಾರಿಗೂ ಉತ್ತರ ಗೊತ್ತಿರಲಿಲ್ಲ. ನಿಮ್ಮನ್ನ ಕೇಳೋಣ ಅಂತ ಬಂದೆ. ನಾವು ಯಾವ ಕಡೆಯವರು ಅಂತ ಮಾತ್ರ ಕೇಳಬೇಡಿ. ಕೇಳಿದ ತಕ್ಷಣ ಅರ್ಧ ಜನ ಓದೋದು ನಿಲ್ಲಿಸ್ತಾರೆ.

ಬ್ಯಾಡಗಿ_ಖಾರ

ಅಣ್ಣಾ, ಬೇಜಾರು ಮಾಡ್ಕೋಬೇಡ. ಹಾಳೆ ಓದಿ ನಗು ಬಂತು.

‘ಕಡೀರಿ’ ಅಂದವನು ಯಾವ ಹಾಳೆಗೂ ಸಹಿ ಹಾಕಿಲ್ಲ. ಅವನ ಕಾರು ಮುಂದಿನ ಊರಿಗೆ ಹೋಗಿದೆ, ಅಲ್ಲೂ ಅದೇ ಭಾಷಣ, ಅದೇ ಶಿಳ್ಳೆ. ಇಲ್ಲಿ ಹನ್ನೆರಡು ಜನ ಪಾಪದವರು ಟೈಲರ್ ಅಂಗಡಿಯಲ್ಲಿ ಕೂತು ‘ನಾವು ಹೊಡೆಯಲ್ಲ’ ಅಂತ ಪ್ರಮಾಣ ಮಾಡ್ತಿದ್ದೀರಿ. ಅಲ್ರೀ, ನೀವು ಹೊಡೀತೀರಿ ಅಂತ ಯಾರಿಗಾದರೂ ಭಯ ಇತ್ತಾ? ಅಹಿಂಸೆ ಬೋಧನೆ ಯಾವಾಗಲೂ ಏಟು ತಿನ್ನೋರ ಮನೆ ಬಾಗಿಲಿಗೇ ಯಾಕೆ ಬರ್ತದೆ? ಹೊಡೆಯೋನ ಮನೆ ಅಡ್ರೆಸ್ ಗೊತ್ತಿಲ್ವಾ?

ಹಳೇ_ಮೇಷ್ಟ್ರು

ಖಾರದವರೇ, ನಿಮ್ಮ ಪ್ರಶ್ನೆ ಸರಿ ಇದೆ. ಆದರೆ ಏಟು ತಿಂದು ಸುಮ್ಮನಿರೋದು, ಕೈ ಎತ್ತದೆ ಇರೋದು ಎರಡೂ ಒಂದೇ ಅಂತ ಅಂದುಕೊಂಡಿದ್ದೀರಿ. ಹೈಸ್ಕೂಲಿನಲ್ಲಿ 31 ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಕಥೆ ಹೇಳದೆ ಬಿಡೋದಿಲ್ಲ.

1927ರ ಮಾರ್ಚ್ 20. ಕೊಂಕಣದ ಮಹಾಡ್ ಅನ್ನೋ ಊರು. ಅಲ್ಲಿನ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಪುರಸಭೆಯೇ ನಿರ್ಣಯ ಮಾಡಿ ಮೂರು ವರ್ಷ ಆಗಿತ್ತು. ಎಲ್ಲ ಕಾಗದದ ಮೇಲೆ. ದನ ನೀರು ಕುಡಿಯುತ್ತಿದ್ದವು, ದಲಿತರು ಮುಟ್ಟುವಂತಿರಲಿಲ್ಲ. ಅವತ್ತು ಅಂಬೇಡ್ಕರ್ ಸಾವಿರಾರು ಜನರ ಜೊತೆ ಸಾಲಾಗಿ ನಡೆದುಹೋಗಿ ನೀರು ಕುಡಿದರು. ಗಲಾಟೆ ಇಲ್ಲ, ಏನಿಲ್ಲ. ಎಲ್ಲರೂ ಚಪ್ಪರಕ್ಕೆ ವಾಪಸು ಬಂದರು.

ಸ್ವಲ್ಪ ಹೊತ್ತಿಗೆ ಊರಲ್ಲಿ ಒಂದು ಮಾತು ಹಬ್ಬಿತು. ಇವರು ಇನ್ನು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ. ಅಪ್ಪಟ ಸುಳ್ಳು. ಆದರೆ ದೊಣ್ಣೆ ಹಿಡಿದು ಬರೋರಿಗೆ ಅಷ್ಟೇ ಸಾಕಾಯ್ತು. ಚಪ್ಪರದಲ್ಲಿ ಊಟಕ್ಕೆ ಕೂತವರನ್ನು ಹೊಡೆದರು, ಅನ್ನ ಮಣ್ಣುಪಾಲು ಮಾಡಿದರು, ಒಬ್ಬಿಬ್ಬರೇ ಹೋಗುತ್ತಿದ್ದವರನ್ನು ಬೀದಿಯಲ್ಲಿ ಅಟ್ಟಾಡಿಸಿದರು. ಕೆಲವರಿಗೆ ಮುಸ್ಲಿಮರ ಮನೆಗಳಲ್ಲಿ ಆಸರೆ ಸಿಕ್ಕಿತು.

ಅಂಬೇಡ್ಕರ್ ಇದ್ದದ್ದು ಪ್ರವಾಸಿ ಬಂಗಲೆಯಲ್ಲಿ. ಅಲ್ಲಿ ಅವರ ಒಂದು ‘ಹೂಂ’ಗಾಗಿ ಜನ ಕಾದಿದ್ದರು. ಖಾರದವರೇ, ಇಲ್ಲಿ ಗಮನ ಇಟ್ಟು ಓದಿ. ಅವರಲ್ಲಿ ಸೈನ್ಯದಲ್ಲಿದ್ದು ಬಂದವರೂ ಇದ್ದರು. ಹೊಡೆಯೋಕೆ ಬಾರದ ಪಾಪದವರಲ್ಲ. ‘ಹೂಂ’ ಅಂದಿದ್ದರೆ ಮಹಾಡ್ ಅವತ್ತು ಬೇರೆ ಥರ ಆಗುತ್ತಿತ್ತು. ಅಂಬೇಡ್ಕರ್ ಅನ್ನಲಿಲ್ಲ.

ಹಾಗಂತ ಕ್ಷಮಿಸಿ ಮನೆಗೆ ಹೋದರಾ? ಇಲ್ಲ. ದೂರು ದಾಖಲಾಯಿತು. ಹಲ್ಲೆ ಮಾಡಿದವರಲ್ಲಿ ಐದು ಜನಕ್ಕೆ ಅದೇ ವರ್ಷ ನಾಲ್ಕು ತಿಂಗಳ ಕಠಿಣ ಸಜೆ ಆಯಿತು. ಕೆರೆ ನಮ್ಮ ಸ್ವಂತದ್ದು ಅಂತ ಆ ಕಡೆಯವರು ಹೂಡಿದ ದಾವೆ ಹತ್ತು ವರ್ಷ ಎಳೆದು, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಅಂಬೇಡ್ಕರ್ ಗೆದ್ದರು.

ಸಂತೆಪೇಟೆಯವರೇ, ನಿಮ್ಮ ಕೊನೇ ಸಾಲಿಗೆ ಉತ್ತರ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತೆ. ಕೈ ಕಟ್ಟಿಕೊಳ್ಳಿ, ಕಾಲು ಕಟ್ಟಿಕೊಳ್ಳಬೇಡಿ. ಸ್ಟೇಷನ್‌ವರೆಗೆ ನಡೆಯಿರಿ.

ಬ್ಯಾಡಗಿ_ಖಾರ

ಮೇಷ್ಟ್ರೇ, ಕಥೆ ಚೆನ್ನಾಗಿ ಹೇಳ್ತೀರಿ. ಒಪ್ಪಿದೆ. ಆದರೆ ಅಂಬೇಡ್ಕರ್ ಬ್ಯಾರಿಸ್ಟರ್. ನಮ್ಮ ಅಣ್ಣ ಟೆಂಪರ್ ಗ್ಲಾಸ್ ಅಂಟಿಸೋನು. ಸ್ಟೇಷನ್ನಿಗೆ ಹೋದರೆ ಮೊದಲು ಇವನ ಲೈಸೆನ್ಸ್ ಕೇಳ್ತಾರೆ.

ನ್ಯಾಶ್‌ವಿಲ್_ನೀರುಳ್ಳಿ

ನಾನಿರೋದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ, ಮೂಲ ತುಮಕೂರು ಕಡೆ. ಇಲ್ಲಿಯ ಪಬ್ಲಿಕ್ ಲೈಬ್ರರಿಯಲ್ಲಿ ಒಂದು ಕೋಣೆ ಇದೆ. ಹಳೇ ಹೋಟೆಲ್ ಕೌಂಟರ್ ತರಹದ ಮೇಜು, ಅದರ ಪಕ್ಕ ಸ್ಟೂಲುಗಳು. ಮೇಜಿನ ಮೇಲೇ ಹತ್ತು ನಿಯಮ ಬರೆದಿದ್ದಾರೆ. ಮೊನ್ನೆ ಮಗಳನ್ನು ಕರೆದುಕೊಂಡು ಹೋಗಿದ್ದೆ, ಅವಳು ಸ್ಟೂಲ್ ಮೇಲೆ ಕೂತು ಬೆರಳಿಟ್ಟು ಓದಿದಳು. ಬೈದರೆ ತಿರುಗಿ ಬೈಯಬೇಡಿ, ಹೊಡೆದರೆ ತಿರುಗಿ ಹೊಡೆಯಬೇಡಿ. ನಗಬೇಡಿ. ನೆಟ್ಟಗೆ ಕೂರಿ, ಮುಖ ಕೌಂಟರ್ ಕಡೆಗೇ ಇರಲಿ. ನಾಯಕರು ಹೇಳುವ ತನಕ ಎದ್ದು ಹೋಗಬೇಡಿ. ಏನಾದರೂ ಗಂಭೀರವಾದದ್ದು ನಡೆದರೆ ನಾಯಕರಿಗೆ ತಿಳಿಸಿ. ಕೊನೆಯದರಲ್ಲಿ ಏಸು, ಗಾಂಧಿ, ಮಾರ್ಟಿನ್ ಲೂಥರ್ ಕಿಂಗ್ ಮೂವರನ್ನೂ ನೆನೆಯಿರಿ ಅಂತಿದೆ.

1960ರಲ್ಲಿ ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ತಿಂಡಿ ಕೊಡುವ ಕೌಂಟರ್‌ಗಳಲ್ಲಿ ಹೋಗಿ ಕೂತಾಗ ಜೇಬಲ್ಲಿಟ್ಟುಕೊಂಡಿದ್ದ ನಿಯಮಗಳು ಇವು. ಆದರೆ ನಾನು ಹೇಳಬೇಕು ಅಂದುಕೊಂಡದ್ದು ನಿಯಮದ ಬಗ್ಗೆ ಅಲ್ಲ, ಅದಕ್ಕೂ ಮುಂಚಿನ ತಯಾರಿ ಬಗ್ಗೆ. ಜೇಮ್ಸ್ ಲಾಸನ್ ಅನ್ನೋ ಪಾದ್ರಿ ತಿಂಗಳುಗಟ್ಟಲೆ ಚರ್ಚಿನಲ್ಲಿ ಇವರಿಗೆ ಅಭ್ಯಾಸ ಮಾಡಿಸಿದ್ದರು. ಈ ಲಾಸನ್ 1953ರಿಂದ ಮೂರು ವರ್ಷ ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದವರು, ಗಾಂಧಿಯ ದಾರಿಯನ್ನು ಅಲ್ಲೇ ಕಲಿತವರು. ಅಭ್ಯಾಸ ಅಂದರೆ ಪ್ರವಚನ ಅಲ್ಲ. ಕುರ್ಚಿ ಹಾಕಿ ಕೆಲವರನ್ನು ಕೂರಿಸೋದು. ಉಳಿದವರು ಬಂದು ಹೊಲಸು ಬೈಗುಳ ಬೈಯೋದು, ಮುಖಕ್ಕೆ ಸಿಗರೇಟು ಹೊಗೆ ಬಿಡೋದು, ಕುರ್ಚಿಯಿಂದ ಕೆಳಗೆ ಎಳೆಯೋದು. ತಲೆಗೆ ಏಟು ಬೀಳದ ಹಾಗೆ ಮುದುರಿಕೊಳ್ಳೋದು ಹೇಗೆ, ಪಕ್ಕದವರಿಗೆ ಜಾಸ್ತಿ ಏಟು ಬೀಳುತ್ತಿದ್ದರೆ ಮಧ್ಯ ಮೈ ಒಡ್ಡೋದು ಹೇಗೆ, ಇದೆಲ್ಲ.

ಒಮ್ಮೆ ಲಾಸನ್ ಮುಖಕ್ಕೇ ಒಬ್ಬ ಉಗಿದನಂತೆ. ಇವರು ‘ಕರ್ಚೀಫ್ ಇದೆಯಾ?’ ಅಂತ ಅವನನ್ನೇ ಕೇಳಿದರು. ಅವನಿಗೆ ಏನು ಮಾಡಬೇಕೋ ತೋಚದೆ ತೆಗೆದು ಕೊಟ್ಟುಬಿಟ್ಟ. ಒರೆಸಿಕೊಂಡು, ವಾಪಸು ಕೊಟ್ಟು, ನಿನ್ನ ಹತ್ತಿರ ಮೋಟಾರ್ ಸೈಕಲ್ ಇದೆಯಾ ಅಂತ ವಿಚಾರಿಸಿದರು. ಅವನ ಹತ್ತಿರ ಇತ್ತು. ಇಬ್ಬರೂ ಗಾಡಿ ಬಗ್ಗೆ ಮಾತಾಡಿದರು.

ಅದಕ್ಕೇ ಹೇಳಿದ್ದು. ಸಹಿ ಹಾಕೋದು ಐದು ನಿಮಿಷದ ಕೆಲಸ. ಅಭ್ಯಾಸ ಮಾಡದಿದ್ದರೆ ಮೊದಲ ಬೈಗುಳಕ್ಕೇ ಹಾಳೆ ಹಾರಿಹೋಗುತ್ತೆ.

ರೊಟ್ಟಿ_ಅಕ್ಕ

ಗಂಡಸರೆಲ್ಲ ಸರ್ಕಲ್, ಸ್ಟೇಜ್, ಮೈಕು ಅಂತಿದ್ದೀರಿ. ನಮ್ಮ ಮನೆಗೆ ಆ ಭಾಷಣ ಬಂದದ್ದು ಮೈಕಿನಿಂದಲ್ಲ. ನನ್ನ ಮಗನ ಫೋನಿನಿಂದ. ಪಿಯುಸಿ ಓದ್ತಾನೆ. ನಾನು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಜೋರಾಗಿ ಹಾಕ್ಕೊಂಡು ಕೇಳ್ತಾನೆ, ನಗ್ತಾನೆ. ‘ಅವರ ಹೆಂಗಸರನ್ನ...’ ಅಂತ ಶುರು ಆಗೋ ಮಾತು. ಮುಂದಿನದು ಬರೆಯಲ್ಲ.

‘ಅಲ್ಲೋ, ಹೆಂಗಸರು ಅಂದರೆ ನಾನೂ ಹೆಂಗಸೇ’ ಅಂದೆ. ‘ನೀನು ಬೇರೆ ಅಮ್ಮ’ ಅಂದ. ಆ ‘ಬೇರೆ’ ಅನ್ನೋದು ಯಾರು ಕಲಿಸಿದ್ದು ಇವನಿಗೆ? ಒಲೆ ಆರಿಸಿ ಕೂತುಬಿಟ್ಟೆ. ಆಮೇಲೆ ಯೋಚನೆ ಮಾಡಿದರೆ, ನಾನೇ ಅಡುಗೆಮನೆಯಲ್ಲಿ ಆ ಜನರ ಬಗ್ಗೆ ಎಷ್ಟು ಸಲ ಸಸಾರವಾಗಿ ಮಾತಾಡಿಲ್ಲ. ಅವನು ಅದನ್ನೂ ಕೇಳಿಸಿಕೊಂಡೇ ಬೆಳೆದಿದ್ದಾನೆ.

ನಿಮ್ಮ ಹಾಳೆಯಲ್ಲಿ ಇನ್ನೊಂದು ಸಾಲು ಬೇಕು. ‘ಮನೆಯೊಳಗೂ’ ಅಂತ. ಬೀದಿಯಲ್ಲಿ ಎದ್ದು ಹೊರಗೆ ಬರಬಹುದು. ಅಡುಗೆಮನೆಯಿಂದ ಎದ್ದು ಎಲ್ಲಿಗೆ ಹೋಗ್ತೀರಿ?

ಮತ್ತೆ, ಅಭ್ಯಾಸ ಗಿಭ್ಯಾಸ ಅಂತೆಲ್ಲ ಹೊಸದಾಗಿ ಹೇಳ್ತಿದ್ದೀರಿ. ಸಾವಿತ್ರಿಬಾಯಿ ಫುಲೆ 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳೋಕೆ ಹೋಗುವಾಗ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗ್ತಿದ್ದರು. ದಾರಿಯಲ್ಲಿ ಸೆಗಣಿ, ಕೆಸರು ಎರಚಿ ಬೈಯೋರು ಇದ್ದೇ ಇರ್ತಿದ್ದರು. ಶಾಲೆಗೆ ಹೋಗಿ ಸೀರೆ ಬದಲಾಯಿಸಿ ಪಾಠ ಶುರು. ನಾಳೆಯೂ ಎರಚ್ತಾರೆ ಅಂತ ಗೊತ್ತಿದ್ದೂ ಒಗೆದು ಒಣಗಿಸಿದ ಸೀರೆ ಚೀಲಕ್ಕೆ ಹಾಕ್ಕೊಳ್ಳೋದು ಇದೆಯಲ್ಲ, ಅದನ್ನು ಹೆಂಗಸರಿಗೆ ಯಾರೂ ಹಾಳೆ ಕೊಟ್ಟು ಕಲಿಸಲಿಲ್ಲ.

ಧಾರವಾಡ_ಫೇಡಾ

ಅಕ್ಕಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನಾದೆ.

ನಾನು ಹೇಳೋದು ಸ್ವಲ್ಪ ಬೇರೆ. ‘ಮಾತು ತಾನೇ, ಬಿಡಿ’ ಅನ್ನೋರು ಈ ಚರ್ಚೆಗೂ ಬರ್ತಾರೆ. ಅದಕ್ಕೆ ಮೊದಲೇ ಹೇಳಿಬಿಡ್ತೀನಿ. ನಮ್ಮ ಊರಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಕಲಬುರ್ಗಿ ಸರ್ ಅವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಎರಡು ವರ್ಷಕ್ಕೆ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಲ್ಲಿ ಗೌರಿ ಲಂಕೇಶ್. ಅವರೂ ಮನೆ ಮುಂದೆಯೇ. ಇಬ್ಬರನ್ನೂ ಮೊದಲು ಬಾಯಲ್ಲಿ ಎಷ್ಟೋ ಸಲ ಕೊಂದಾಗಿತ್ತು. ನಾವು ಓದಿ, ತಲೆ ಅಲ್ಲಾಡಿಸಿ, ಪುಟ ತಿರುಗಿಸಿದ್ದೆವು.

ಆಫ್ರಿಕಾದ ರುವಾಂಡಾ ಕಥೆ ಗೊತ್ತಿರಬಹುದು. ಅಲ್ಲಿ 1993ರಲ್ಲಿ ಒಂದು ರೇಡಿಯೋ ಶುರುವಾಯ್ತು. ಒಳ್ಳೊಳ್ಳೆ ಹಾಡು, ಜೋಕು, ನಡುನಡುವೆ ಟುಟ್ಸಿ ಜನರನ್ನು ‘ಜಿರಳೆ’ ಅನ್ನೋದು. 1994ರ ಏಪ್ರಿಲ್ ಹೊತ್ತಿಗೆ ಜಿರಳೆ ಅನ್ನೋದು ಕಿವಿಗೆ ರೂಢಿಯಾಗಿತ್ತು. ಮುಂದಿನ ನೂರು ದಿನ ಟುಟ್ಸಿಗಳ ನರಮೇಧ ನಡೆದದ್ದು ಜಗತ್ತಿಗೇ ಗೊತ್ತು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೋ ನಡೆಸಿದವರಿಗೆ ಶಿಕ್ಷೆ ಕೊಟ್ಟಿತು. ಕತ್ತಿ ಹಿಡಿದವರಲ್ಲ, ಮೈಕ್ ಹಿಡಿದವರು.

ಹಾಗಾಗಿ ತಿರುಗಿ ಬೈಯೋದು ಬೇಡ ಅನ್ನೋದು ನನಗೆ ಒಪ್ಪಿಗೆ. ಆದರೆ ‘ಅಲಕ್ಷ್ಯ ಮಾಡಿ, ತಾನಾಗೇ ಸಾಯುತ್ತೆ’ ಅನ್ನೋದು ಒಪ್ಪಿಗೆ ಇಲ್ಲ. ಅದು ಸಾಯಲ್ಲ.

ನಿರ್ವಾಹಕ

ಇದರ ಮೇಲಿದ್ದ ಒಂದು ಪ್ರತಿಕ್ರಿಯೆ ತೆಗೆದಿದ್ದೇವೆ. ಭಾಷಣಕಾರರು ಯಾರಿರಬಹುದು ಅಂತ ಊಹಿಸಿ ಹೆಸರು, ಮನೆ ವಿಳಾಸ ಹಾಕಿದ್ದರು. ಅಹಿಂಸೆ ಬಗ್ಗೆ ಚರ್ಚೆ ಮಾಡುವಾಗ ಯಾರದ್ದಾದರೂ ಮನೆಗೆ ದಾರಿ ತೋರಿಸೋದು ಬೇಡ.

ವಕೀಲಿಕೆ_22ವರ್ಷ

ಕೋರ್ಟ್ ರಜೆ, ಅದಕ್ಕೇ ಬರೀತಿದ್ದೀನಿ. ಸಂತೆಪೇಟೆಯವರೇ, ಸ್ಟೇಷನ್ನಿಗೆ ಹೋಗೋ ಮುಂಚೆ ಇಷ್ಟು ತಿಳಿದಿರಲಿ.

ಗುಂಪುಗಳ ನಡುವೆ ದ್ವೇಷ ಹುಟ್ಟಿಸೋ ಮಾತಿಗೆ ಹಿಂದೆ ಐಪಿಸಿ 153ಎ ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ. ಮೂರು ವರ್ಷದ ತನಕ ಸಜೆ. ಅಂಥ ಹೇಳಿಕೆ ಹಬ್ಬಿಸೋದಕ್ಕೆ 353 ಇದೆ. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ, ಉತ್ತರ ಪ್ರದೇಶ, ಉತ್ತರಾಖಂಡದ ಪೊಲೀಸರಿಗೆ ಒಂದು ಆದೇಶ ಕೊಟ್ಟಿತು. ದ್ವೇಷ ಭಾಷಣ ಕಂಡರೆ ಯಾರೂ ದೂರು ಕೊಡದಿದ್ದರೂ ತಾವೇ ಕೇಸು ಹಾಕಬೇಕು, ಮಾತಾಡಿದವರ ಧರ್ಮ ನೋಡಬಾರದು ಅಂತ. 2023ರ ಏಪ್ರಿಲ್‌ನಲ್ಲಿ ಅದನ್ನು ಎಲ್ಲಾ ರಾಜ್ಯಗಳಿಗೂ ಹಬ್ಬಿಸಿತು. ಹಾಕದಿದ್ದರೆ ನ್ಯಾಯಾಂಗ ನಿಂದನೆ. ಆದೇಶದ ಪ್ರತಿ ಪ್ರಿಂಟ್ ಹಾಕಿಸಿ ದೂರಿನ ಜೊತೆ ಪಿನ್ ಮಾಡಿ. ಸುಮ್ನೆ ಬಾಯಲ್ಲಿ ಹೇಳಿದರೆ ‘ನೋಡೋಣ’ ಅಂತಾರೆ. ಕಾಗದ ಕಂಡರೆ ಕನ್ನಡಕ ಹಾಕ್ಕೊಳ್ತಾರೆ.

ಠಾಣೆಯಲ್ಲಿ ತಗೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ವಿಡಿಯೋ ಇದ್ದರೆ ವಾಟ್ಸಾಪ್‌ನಲ್ಲಿ ಸುತ್ತಿಬಂದ ತುಣುಕು ಬೇಡ, ರೆಕಾರ್ಡ್ ಮಾಡಿದ ಫೋನಿನ ಮೂಲ ಫೈಲೇ ಇರಲಿ. ಡಿಜಿಟಲ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಸರ್ಟಿಫಿಕೇಟ್ ಬೇಕಾಗುತ್ತೆ. ಫೋನ್ ರಿಪೇರಿ ಮಾಡೋರಿಗೆ ಇದನ್ನು ನಾನು ಹೇಳಿಕೊಡಬೇಕಾ.

ಕಹಿ ಸತ್ಯವೂ ಕೇಳಿ. 196ರಲ್ಲಿ ಕೋರ್ಟು ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಫೈಲು ಅಲ್ಲಿ ವರ್ಷಗಟ್ಟಲೆ ಮಲಗುತ್ತೆ. ಎಷ್ಟೋ ಕೇಸು ನನ್ನ ಕಣ್ಣೆದುರೇ ಹಾಗೇ ಮಲಗಿವೆ. ಆದರೂ ದೂರು ಕೊಡಿ. ನಾಳೆ ಅದೇ ಭಾಷಣಕಾರರ ಸಭೆಗೆ ಪರ್ಮಿಷನ್ ಕೇಳಿದಾಗ ‘ಹಿಂದೆ ದೂರು ಇದೆ’ ಅನ್ನೋ ಒಂದು ಸಾಲು ಫೈಲಲ್ಲಿ ಇರುತ್ತೆ. ಅಷ್ಟಾದರೂ ಆಗುತ್ತೆ.

ಬ್ಯಾಡಗಿ_ಖಾರ

ಸರಿ. ಮೇಷ್ಟ್ರು ಕೆರೆ ತೋರಿಸಿದರು, ವಕೀಲರು ಕಲಂ ತೋರಿಸಿದರು. ನೀರುಳ್ಳಿಯವರೇ, ನಿಮಗೊಂದು ಪ್ರಶ್ನೆ. ಬರ್ಮಿಂಗ್‌ಹ್ಯಾಮ್, ನ್ಯಾಶ್‌ವಿಲ್ ಅಂತೆಲ್ಲ ಹೇಳೋರು ಒಂದು ಮರೀತಾರೆ. ಅಲ್ಲಿ ಟಿವಿ ಕ್ಯಾಮೆರಾ ಇತ್ತು. ಪೊಲೀಸರು ಮೆರವಣಿಗೆ ಮೇಲೆ ನಾಯಿ ಬಿಟ್ಟರೆ ಇಡೀ ದೇಶ ನೋಡ್ತಿತ್ತು. ಸಂತೆಪೇಟೆಯಲ್ಲಿ ಯಾರು ನೋಡ್ತಾರೆ? ಅದೂ ಅಲ್ಲದೆ ಕಿಂಗ್ ಹುಟ್ಟಾ ಸಂತ ಏನಲ್ಲ. ಮನೆಗೆ ಬಾಂಬ್ ಬಿದ್ದ ಮೇಲೆ ಅವರೂ ಗನ್ ಲೈಸೆನ್ಸ್‌ಗೆ ಅರ್ಜಿ ಹಾಕಿದ್ದರು. ನಾನೂ ಓದಿದ್ದೀನಿ ಸ್ವಲ್ಪ.

ನ್ಯಾಶ್‌ವಿಲ್_ನೀರುಳ್ಳಿ

ಹಾಕಿದ್ದರು. 1956ರಲ್ಲಿ, ಮಾಂಟ್ಗೊಮರಿಯಲ್ಲಿ. ಲೈಸೆನ್ಸ್ ಸಿಗಲಿಲ್ಲ. ಅದೇ ಬಾಂಬಿನ ರಾತ್ರಿ ಮನೆ ಮುಂದೆ ಆಯುಧ ಹಿಡಿದು ಸೇರಿದ್ದ ತಮ್ಮವರಿಗೆ ಅವನ್ನು ವಾಪಸು ಮನೆಗೆ ತಗೊಂಡುಹೋಗಿ ಅಂದವರೂ ಅವರೇ. ಒಳಗೆ ಹೆಂಡತಿ, ಕೂಸು ಇದ್ದರು. ನನಗೆ ಕಿಂಗ್ ಇಷ್ಟ ಆಗೋದೇ ಅದಕ್ಕೆ. ಹುಟ್ಟಾ ಸಂತ ಆಗಿದ್ದರೆ ನಮಗೇನು ಉಪಯೋಗ?

ಆರು ವರ್ಷ ಆದ ಮೇಲೆ, 1962ರ ಸೆಪ್ಟೆಂಬರ್. ಬರ್ಮಿಂಗ್‌ಹ್ಯಾಮ್‌ನ ಸಭೆಯಲ್ಲಿ ಕಿಂಗ್ ವೇದಿಕೆ ಮೇಲೆ ಮಾತಾಡುತ್ತಿದ್ದಾಗ ಅಮೆರಿಕನ್ ನಾಜಿ ಪಕ್ಷದ ಒಬ್ಬ ಎದ್ದು ಬಂದು ಮುಖಕ್ಕೆ ಗುದ್ದಿದ. ಮತ್ತೆ ಗುದ್ದಿದ. ಕಿಂಗ್ ಎರಡೂ ಕೈ ಕೆಳಗೆ ಬಿಟ್ಟರು. ಮುಖಕ್ಕೆ ಅಡ್ಡ ಇಟ್ಟುಕೊಳ್ಳಲೂ ಇಲ್ಲ. ಹುಡುಗರು ನುಗ್ಗಿದಾಗ ಅವನನ್ನು ಮುಟ್ಟಬೇಡಿ ಅಂದರು. ಆಮೇಲೆ, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲ್ಲ ಅಂದಿದ್ದ ರೋಸಾ ಪಾರ್ಕ್ಸ್ ಆಸ್ಪಿರಿನ್ ಮಾತ್ರೆ, ಕೋಕಾ ಕೋಲಾ ತಂದು ಕೊಟ್ಟರಂತೆ. ಕಿಂಗ್ ಅವನ ಮೇಲೆ ದೂರು ಕೊಡೋದಿಲ್ಲ ಅಂದರು. ಇಲ್ಲಿ ನಾನು ಮೇಷ್ಟ್ರ ಕಡೆ, ಅಂದರೆ ಅಂಬೇಡ್ಕರ್ ಕಡೆ. ದೂರು ಕೊಡಬೇಕಿತ್ತು ಅನ್ನಿಸುತ್ತೆ.

ಮುಂದಿನ ವರ್ಷ ಅದೇ ಊರಲ್ಲಿ ಚಳವಳಿ ಶುರುವಾದಾಗ ಪ್ರತಿಯೊಬ್ಬರೂ ಒಂದು ಕಾರ್ಡಿಗೆ ಸಹಿ ಹಾಕಬೇಕಿತ್ತು. ಅದರಲ್ಲೂ ಹತ್ತು ಅಂಶ. ಒಂದರಲ್ಲಿ ಕೈಯ ಹಿಂಸೆ, ನಾಲಿಗೆಯ ಹಿಂಸೆ, ಮನಸ್ಸಿನ ಹಿಂಸೆ ಮೂರೂ ಬೇಡ ಅಂತಿತ್ತು. ಜೇಬಲ್ಲಿ ಚಾಕು ಗೀಕು ಇದ್ದರೆ ಕೊಟ್ಟುಬಿಡಬೇಕು. ತಡೆದುಕೊಳ್ಳೋಕೆ ಆಗಲ್ಲ ಅನ್ನೋರನ್ನು ಮನೆಗೆ ಕಳಿಸುತ್ತಿರಲಿಲ್ಲ, ಬೀದಿಗೂ ಕಳಿಸುತ್ತಿರಲಿಲ್ಲ. ಕಾರು ಓಡಿಸಿ, ಫೋನ್ ಮಾಡಿ, ಟೈಪ್ ಮಾಡಿ ಅಂತ ಬೇರೆ ಕೆಲಸ ಕೊಡ್ತಿದ್ದರು. ಖಾರದವರೇ, ನಿಮಗೂ ಕೆಲಸ ಇತ್ತು ಅಲ್ಲಿ.

ಕ್ಯಾಮೆರಾ ವಿಷಯ ಒಪ್ಪಿದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸಂತೆಪೇಟೆ_ಮೊಬೈಲ್

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ‘ಮನೆಯೊಳಗೂ’ ಸೇರಿಸಿದ್ವಿ. ಇಬ್ಬರು ಅದಕ್ಕೇ ಹಾಳೆಯಿಂದ ಹೆಸರು ಹೊಡೆಸಿಕೊಂಡರು. ಬೀದಿಯಲ್ಲಾದರೆ ಸರಿ, ಮನೆಯಲ್ಲಿ ಅಪ್ಪನ ಎದುರು ಆಗಲ್ಲ ಅಂದರು. ಹತ್ತು ಜನ ಉಳಿದಿದ್ದೀವಿ.

ಹೋದ ಭಾನುವಾರ ಅಭ್ಯಾಸ ಮಾಡಿದ್ವಿ. ಟೈಲರಣ್ಣ ಮಿಷನ್‌ಗಳನ್ನೆಲ್ಲ ಗೋಡೆಗೆ ಸರಿಸಿ ಮಧ್ಯ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಮೂರು ಜನ ಕೂರೋದು, ಮೂರು ಜನ ಬೈಯೋದು, ಉಳಿದವರು ನೋಡೋದು. ಅಮ್ಮನ ಮೇಲೆ ಬೈಯಬಾರದು ಅಂತ ಮೊದಲು ರೂಲ್ಸ್ ಮಾಡಿಕೊಂಡ್ವಿ. ‘ಬೀದೀಲಿ ಬಯ್ಯೋನು ರೂಲ್ಸ್ ಕೇಳ್ತಾನೇನ್ರೋ’ ಅಂತ ಟೈಲರಣ್ಣನೇ ಅದನ್ನ ತೆಗೆಸಿದರು. ಆ ಮನುಷ್ಯ ಜೋರಾಗಿ ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ. ಅವರ ಪಾಳಿ ಬಂದಾಗ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬೈಯೋಕೆ ಶುರು ಮಾಡಿದರು ನೋಡಿ, ಎದುರಿಗೆ ಕೂತಿದ್ದ ಗ್ಯಾರೇಜ್ ಹುಡುಗ ಒಂದು ನಿಮಿಷ ತಡೆಯಲಿಲ್ಲ. ಎದ್ದು ಕುರ್ಚಿ ಒದ್ದ. ಕುರ್ಚಿ ಕಾಲು ಸೀಳಿತು. ಆಮೇಲೆ ಅವನೇ ತಲೆ ತಗ್ಗಿಸಿ ‘ನಂಗೆ ಆಗಲ್ಲ ಅಣ್ಣ, ವಿಡಿಯೋ ತೆಗೆಯೋ ಕೆಲಸ ಕೊಡಿ’ ಅಂದ. ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡಿದ್ದರೆ ಹೊಡೆಯೋಕೆ ಕೈ ಎಲ್ಲಿಂದ ಬರುತ್ತೆ ಅಂತ ಅವನ ಲೆಕ್ಕ.

ಆಮೇಲೆ ನನ್ನ ಪಾಳಿ. ಕೂರೋದಲ್ಲ, ಬೈಯೋದು. ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ. ಬೈಗುಳ ಹುಡುಕಬೇಕಾಗುತ್ತೆ ಅಂದುಕೊಂಡಿದ್ದೆ. ಸಲೀಸಾಗಿ ಬಂತು. ಒಂದಾದ ಮೇಲೆ ಒಂದು. ಅರ್ಧ ಆದಮೇಲೆ ಗೊತ್ತಾಯ್ತು, ಅಂಗಡಿ ಎದುರಿನ ಹಾರನ್‌ನಲ್ಲಿ ಕೇಳಿದ ಸಾಲುಗಳನ್ನೇ ಒಂದಕ್ಷರ ಬಿಡದೆ ಹೇಳ್ತಿದ್ದೆ. ಅದೇ ಏರಿಳಿತ. ಬೇಡ ಬೇಡ ಅಂತ ಕೇಳಿದ್ದು ಅಷ್ಟು ಚೆನ್ನಾಗಿ ಕೂತುಬಿಟ್ಟಿತ್ತು. ಮಧ್ಯದಲ್ಲೇ ನಿಲ್ಲಿಸಿ ನೀರು ಕುಡಿಯೋಕೆ ಹೋದೆ.

ಹಳೇ_ಮೇಷ್ಟ್ರು

ಮಾರಾಯರೇ, ನಾಚಿಕೆ ಯಾಕೆ. ನನಗೂ ಆ ಅಭ್ಯಾಸಕ್ಕೆ ಬರಬೇಕು ಅನ್ನಿಸಿತು. ಮೊಣಕಾಲು ನೋವು, ಕೆಳಗೆ ಬೀಳಿಸಿದರೆ ಏಳೋದು ಕಷ್ಟ ಅಷ್ಟೇ.

ಸಂತೆಪೇಟೆ_ಮೊಬೈಲ್

ಎರಡು ವಾರ ಆದಮೇಲೆ ಬರೀತಿದ್ದೀನಿ. ಅಂಗಡಿ ಕೆಲಸ ಕಮ್ಮಿ ಇದೆ, ಟೈಮ್ ಇದೆ. ಯಾಕೆ ಕಮ್ಮಿ ಅಂತ ಓದಿದರೆ ಗೊತ್ತಾಗುತ್ತೆ.

ನಮ್ಮ ಕಡೆಯ ಸ್ಟೇಜ್ ಆಗೇ ಆಯ್ತು. ನಿಲ್ಲಿಸೋಕೆ ಆಗಲಿಲ್ಲ. ನಾವು ಮುಂದಿನಿಂದ ಮೂರನೇ ಸಾಲಲ್ಲಿ ಕೂತ್ವಿ. ಬಂದ ಭಾಷಣಕಾರರು ಮೊದಲ ಹತ್ತು ನಿಮಿಷ ರಸ್ತೆ, ನೀರು, ಚರಂಡಿ ಅಂದರು. ಆಹಾ, ಪರವಾಗಿಲ್ಲ ಅಂದುಕೊಂಡ್ವಿ. ಆಮೇಲೆ ‘ಅವರು ಕೈ ಅಂದರೆ ನಾವು ತಲೆ ಅಂತೀವಿ’ ಅಂದರು. ಶಿಳ್ಳೆ. ಅದೇ ಶಿಳ್ಳೆ, ಊದೋರು ಬೇರೆ.

ಎದ್ದು ನಿಂತ್ವಿ. ಹತ್ತು ಅಲ್ಲ, ಏಳು. ಒಬ್ಬ ಬಂದಿರಲಿಲ್ಲ, ಒಬ್ಬ ಕೂತಲ್ಲೇ ಕೂತ, ಗ್ಯಾರೇಜ್ ಹುಡುಗ ಆಚೆ ಪಕ್ಕ ವಿಡಿಯೋ ಮಾಡ್ತಿದ್ದ. ಒಳಗೆ ಕೂತಿದ್ದಾಗ ಬಾಗಿಲು ಹತ್ತಿರವೇ ಅನ್ನಿಸಿತ್ತು. ನಡೆಯೋಕೆ ಶುರು ಮಾಡಿದರೆ ಮುಗಿಯದಷ್ಟು ಉದ್ದ. ಯಾರೂ ಮಾತಾಡಲಿಲ್ಲ, ನಗಲಿಲ್ಲ, ನೀರುಳ್ಳಿ ಸರ್ ಹೇಳಿದ ನಿಯಮ ನೆನಪಿತ್ತು. ‘ಹೇಡಿಗಳು’ ಅಂದರು, ಇನ್ನೂ ಏನೇನೋ ಅಂದರು. ಅರ್ಧ ನೀರಿದ್ದ ಬಾಟಲಿ ಬಂದು ಟೈಲರಣ್ಣನ ಭುಜಕ್ಕೆ ಬಡಿಯಿತು. ಅವರು ಬಗ್ಗಿ ಬಾಟಲಿ ಎತ್ತಿ, ಮುಚ್ಚಳ ಬಿಗಿ ಮಾಡಿ, ಬಾಗಿಲ ಪಕ್ಕದ ಮೇಜಿನ ಮೇಲಿಟ್ಟು ಬಂದರು. ಅದು ಅಭ್ಯಾಸದಲ್ಲಿ ಇರಲಿಲ್ಲ.

ಮಾರನೇ ದಿನ ಸ್ಟೇಷನ್ನಿಗೆ ಹೋದ್ವಿ. ಎರಡೂ ಭಾಷಣಗಳ ಮೇಲೆ ಎರಡು ದೂರು. ‘ಇದು ನಿಮ್ಮವರದ್ದೇ ಅಲ್ವೇನ್ರೀ?’ ಅಂತ ಒಂದು ಸಲ ಕೇಳಿದರು. ಹೌದು ಅಂದೆ. ಮತ್ತೆ ಕೇಳಿದರು. ವಕೀಲ್ ಸರ್ ಹೇಳಿದ ಹಾಗೆ ಆದೇಶದ ಪ್ರತಿ ಪಿನ್ ಮಾಡಿದ್ದೆ. ಕನ್ನಡಕ ಹಾಕಿಕೊಂಡದ್ದೂ ನಿಜ. ಮೂರು ಗಂಟೆ ಕೂರಿಸಿ ಸ್ವೀಕೃತಿ ಕೊಟ್ಟರು. ಎಫ್‌ಐಆರ್ ಅಲ್ಲ, ಬರೀ ಸ್ವೀಕೃತಿ.

ಈಗ ಎರಡೂ ಕಡೆಯ ಹುಡುಗರು ನನ್ನ ಅಂಗಡಿ ದಾಟಿ ಇನ್ನೊಂದು ಅಂಗಡಿಗೆ ಹೋಗ್ತಾರೆ. ಟೈಲರಣ್ಣನಿಗೂ ಹಾಗೇ, ಒಂದು ಮದುವೆ ಆರ್ಡರ್ ವಾಪಸ್ಸಾಯ್ತು. ಮೊನ್ನೆ ಮಾತ್ರ ಆ ಶಿಳ್ಳೆ ಹುಡುಗ ಬಂದಿದ್ದ. ಬೇರೆ ಅಂಗಡಿ ಮುಚ್ಚಿತ್ತೋ ಏನೋ. ಫೋನ್ ಕೊಟ್ಟ, ಮಾತಾಡಲಿಲ್ಲ. ಟೆಂಪರ್ ಗ್ಲಾಸ್ ಒಡೆದಿತ್ತು, ಮೂಲೆಯ ಗುಳ್ಳೆ ಹಾಗೇ ಇತ್ತು. ಕಿತ್ತು, ಒರೆಸಿ, ಹೊಸದು ಕೂರಿಸಿದೆ. ನೂರು ರೂಪಾಯಿ ಕೊಟ್ಟ, ತಗೊಂಡೆ.

ವಕೀಲಿಕೆ_22ವರ್ಷ

ಸ್ವೀಕೃತಿಯಲ್ಲಿ ನಂಬರ್, ತಾರೀಖು, ಸೀಲು ಮೂರೂ ಇದೆಯಾ ನೋಡಿ. ಫೋಟೋ ತೆಗೆದು ಇಬ್ಬರ ಹತ್ತಿರ ಇಟ್ಟಿರಿ. ಸುಮ್ಮನೆ ಕಾಯುತ್ತಾ ಕೂರಬೇಡಿ. ಈ ವಾರ ಎಫ್‌ಐಆರ್ ಆಗದಿದ್ದರೆ ಎಸ್‌ಪಿಗೆ ಕಳಿಸೋ ಕರಡು ನಾನು ಬರೆದುಕೊಡ್ತೀನಿ, ಫೀಸು ಬೇಡ.

ರೊಟ್ಟಿ_ಅಕ್ಕ

ಟೈಲರಣ್ಣನ ಭುಜ ಹೇಗಿದೆ? ನನ್ನ ಎರಡು ರವಿಕೆ ಬಟ್ಟೆ ಹಾಗೇ ಬಿದ್ದಿದೆ. ಕೊರಿಯರ್ ಮಾಡಿದರೆ ಅಳತೆ ರವಿಕೆ ನೋಡಿ ಹೊಲೀತಾರಾ ಕೇಳಿ.

ಮಗ ಈಗ ಇಯರ್‌ಫೋನ್ ಹಾಕಿಕೊಂಡು ಕೇಳ್ತಾನೆ. ಬಿಟ್ಟಿಲ್ಲ. ನಾನೂ ಬಿಟ್ಟಿಲ್ಲ, ದಿನಾ ಪಕ್ಕ ಕೂತು ಒಂದು ಕಿವಿದು ಇಸ್ಕೊಂಡು ಕೇಳ್ತೀನಿ. ಅವನಿಗೆ ಮುಜುಗರ.

ಬ್ಯಾಡಗಿ_ಖಾರ

ಅಣ್ಣಾ, ಮುಂದಿನ ಅಭ್ಯಾಸ ಯಾವಾಗ? ಸಹಿ ಹಾಕಲ್ಲ, ಮೊದಲೇ ಹೇಳ್ತೀನಿ. ಬೈಯೋಕೆ ಬರ್ತೀನಿ. ನಮ್ಮ ಕಡೆ ಬೈಗುಳ ನಿಮ್ಮ ಹುಡುಗರು ಕೇಳಿರಲ್ಲ. ಊರು ಯಾವುದು ಅಂತ ಖಾಸಗಿಯಾಗಿ ಮೆಸೇಜ್ ಹಾಕು.

ಸಂತೆಪೇಟೆ_ಮೊಬೈಲ್

ಭಾನುವಾರ ನಾಲ್ಕು ಗಂಟೆಗೆ. ಮೆಸೇಜ್ ಹಾಕಿದ್ದೀನಿ ನೋಡಿ. ಕುರ್ಚಿ ಒಂದು ಕಮ್ಮಿ ಇದೆ, ನೀವು ನಿಂತುಕೊಂಡೇ ಬೈಯಬೇಕಾಗುತ್ತೆ.